ಮದ್ದು ಕೊಡುವ ಕೈ

ಶುಶ್ರೂಷೆಯ ಶಿಕ್ಷಣವನ್ನು ಆರಿಸಿಕೊಂಡ ಮಕ್ಕಳು ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿದ್ದಾರೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯ ಬೇಸಾಯದ ಮನೆಗಳಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ, ಮೂರು ವರ್ಷದ ಡಿಪ್ಲೊಮಾವನ್ನೋ ನಾಲ್ಕು ವರ್ಷದ ಬಿ.ಎಸ್ಸಿ. ಪದವಿಯನ್ನೋ ಓದುತ್ತಿರುವ ಈ ಮಕ್ಕಳಲ್ಲಿ ಹೆಚ್ಚಿನವರು ಅಳುಕುವ ವಿಷಯವೊಂದಿದೆ. ಅದು ಔಷಧಶಾಸ್ತ್ರ. ಪದವಿಯ ಎರಡನೆಯ ವರ್ಷದಲ್ಲಿ ಬರುವ ಈ ವಿಷಯದಲ್ಲಿ ಬಾಯಿಪಾಠ ಮಾಡಬೇಕಾದ ಹೆಸರುಗಳೇ ನೂರಾರು ಎಂಬುದು ಅವರ ದೂರು. ಮೂವತ್ತು ವರ್ಷ ಈ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ದೂರು ಹೊಸದಲ್ಲ. ಆದರೆ ಈ ಶಾಸ್ತ್ರದ ತಿರುಳು ಹೆಸರುಗಳಲ್ಲಿಲ್ಲ. ಅದು ಎಲ್ಲಿದೆ ಎಂಬುದನ್ನು ಬರಗೂರಿನ ಕಡೆಯ ಹಳ್ಳಿಯೊಂದರ ಮನೆಯಲ್ಲಿ ನಡೆದ ಸಂಗತಿಯ ಮೂಲಕ ಓದುಗ ಬಂಧುಗಳಿಗೆ ತಿಳಿಸಬೇಕೆಂದಿದ್ದೇನೆ.

ಆ ಮನೆಯ ಹಿರಿಯರಿಗೆ ಎಪ್ಪತ್ತು ದಾಟಿದೆ. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾದ್ದರಿಂದ ಮಾತ್ರೆ ಸಾಲದೆ ವೈದ್ಯರು ಇನ್ಸುಲಿನ್ ಬರೆದುಕೊಟ್ಟಿದ್ದರು. ಬೆಳಗ್ಗೆ ಊಟಕ್ಕೆ ಮುಂಚೆ 20 ಯೂನಿಟ್. ಚುಚ್ಚುವ ಕೆಲಸ ಸೊಸೆಯದು. ಆಕೆ ಕಲಿಸಿದಂತೆಯೇ, ಕೈ ತೊಳೆದು, ಸಿರಿಂಜಿನಲ್ಲಿ 20ರ ಗೆರೆಗೆ ಸರಿಯಾಗಿ ಔಷಧಿ ಎಳೆದು ಕೊಡುತ್ತಿದ್ದಳು. ಒಂದು ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ. ವೈದ್ಯರು ಪ್ರಮಾಣವನ್ನು 30ಕ್ಕೆ ಏರಿಸಿದರು. ಆಗಲೂ ಅಷ್ಟಕ್ಕಷ್ಟೆ. ಅಷ್ಟರಲ್ಲಿ ಸಿರಿಂಜು ತೀರಿತು. ಪೇಟೆಗೆ ಹೋದ ಮಗ ಬೇರೊಂದು ಅಂಗಡಿಯಿಂದ ಹೊಸ ಸಿರಿಂಜು ತಂದ. ಮರುದಿನ ಬೆಳಗ್ಗೆ ಸೊಸೆ ಎಂದಿನಂತೆ 30ರ ಗೆರೆಗೆ ಎಳೆದು ಚುಚ್ಚಿದಳು. ಮುಕ್ಕಾಲು ಗಂಟೆಯಾಗಿತ್ತು, ರೊಟ್ಟಿ ಇನ್ನೂ ಹಂಚಿನ ಮೇಲಿತ್ತು. ಹಿರಿಯರು ಜಗಲಿಯ ಮೇಲೆ ಕುಳಿತಲ್ಲೇ ಬೆವತು, ಕೈ ನಡುಗಿ, ತೊದಲತೊಡಗಿದರು.

ಹಬ್ಬದ ರಜೆಗೆಂದು ಬಂದಿದ್ದ ಮೊಮ್ಮಗಳು ನರ್ಸಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ. “ತಾತ, ನನ್ನ ಕಡೆ ನೋಡಿ, ನಾನ್ಯಾರು ಹೇಳಿ” ಎಂದು ಕೇಳಿದಳು. ಅವರು ತೀರಿಕೊಂಡ ತಮ್ಮ ತಂಗಿಯ ಹೆಸರು ಹೇಳಿದರು. ಹುಡುಗಿಗೆ ಅರ್ಥವಾಯಿತು. ಇನ್ನೂ ಎಚ್ಚರವಿದೆ, ನುಂಗಬಲ್ಲರು ಎಂಬುದನ್ನು ಖಚಿತಪಡಿಸಿಕೊಂಡು ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಗುಟುಕು ಗುಟುಕಾಗಿ ಕುಡಿಸಿದಳು. ಹದಿನೈದು ನಿಮಿಷ ಕಾದು ಮತ್ತೊಮ್ಮೆ ಕೊಟ್ಟಳು. ಹಿರಿಯರು ಕಣ್ಣರಳಿಸಿ, “ಏನವ್ವಾ, ಎಲ್ಲರೂ ಯಾಕೆ ಸುತ್ತ ನಿಂತಿದ್ದೀರಿ?” ಎಂದಾಗ ಮನೆಯವರ ಜೀವಕ್ಕೆ ಜೀವ ಬಂದಿತು. ಕೂಡಲೇ ಊಟ ಮಾಡಿಸಿ ಆಸ್ಪತ್ರೆಗೆ ಕರೆದೊಯ್ದರು.

ತಪ್ಪು ಯಾರದು? ವೈದ್ಯರು ಬರೆದದ್ದು ಸರಿ. ಸೊಸೆ ಎಳೆದ ಗೆರೆಯೂ ಸರಿ. ಇನ್ಸುಲಿನ್ ಕೆಟ್ಟಿರಲಿಲ್ಲ. ಹುಡುಗಿ ಹಳೆಯ ಸಿರಿಂಜನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಗುಟ್ಟು ಬಯಲಾಯಿತು. ಹಳೆಯದರ ಮುಚ್ಚಳ ಕಿತ್ತಳೆ ಬಣ್ಣ, ಹೊಸದರದು ಕೆಂಪು.

ಲೆಕ್ಕ ಹೀಗಿದೆ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸೀಸೆಯಲ್ಲಿ ಸಿಗುವ ಇನ್ಸುಲಿನ್‌ನಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುತ್ತದೆ. ಅದಕ್ಕೆಂದೇ ತಯಾರಾದ ಸಿರಿಂಜಿಗೆ ಕೆಂಪು ಮುಚ್ಚಳ. ಪೆನ್ನಿನ ಆಕಾರದ ಸಾಧನದಲ್ಲಿ ಬರುವುದು ಮತ್ತು ಕೆಲವು ಸೀಸೆಗಳಲ್ಲಿ ಬರುವುದು ಮಿ.ಲೀ.ಗೆ 100 ಯೂನಿಟ್‌ನದು. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಕಿತ್ತಳೆ ಸಿರಿಂಜಿನಲ್ಲಿ 30ರ ಗೆರೆಯೆಂದರೆ 0.3 ಮಿ.ಲೀ. ಅದರೊಳಗೆ 40ರ ಇನ್ಸುಲಿನ್ ಎಳೆದರೆ ಹಿರಿಯರ ಮೈಗೆ ಸೇರುವುದು ಕೇವಲ 12 ಯೂನಿಟ್. ಅದಕ್ಕೇ ಸಕ್ಕರೆ ಇಳಿದಿರಲಿಲ್ಲ. ಅದಕ್ಕೇ ವೈದ್ಯರು ಪ್ರಮಾಣ ಏರಿಸಿದ್ದರು. ಕೆಂಪು ಸಿರಿಂಜು ಬಂದ ದಿನ ಅದೇ ಗೆರೆಯಲ್ಲಿ ಪೂರ್ತಿ 30 ಯೂನಿಟ್ ಒಳಹೋಯಿತು. ಒಂದೇ ರಾತ್ರಿಯಲ್ಲಿ ಔಷಧಿ ಎರಡೂವರೆ ಪಟ್ಟಾಯಿತು. ಯಾರ ತಪ್ಪೂ ಎದ್ದು ಕಾಣದೆ ಒಂದು ಜೀವ ಹೋಗಿಬಿಡುವ ಸಂದರ್ಭವಿದು.

ಔಷಧಿಯ ಹೆಸರು ಎಲ್ಲರಿಗೂ ಗೊತ್ತಿತ್ತು. ಅದು ಎಷ್ಟು, ಯಾವುದರಲ್ಲಿ, ಹೇಗೆ ಒಳಹೋಗುತ್ತಿದೆ ಎಂಬುದನ್ನು ಕೊನೆಯಲ್ಲಿ ಕೊಡುವವರು ನೋಡಬೇಕಾಗಿತ್ತು. ಔಷಧಶಾಸ್ತ್ರದ ತಿರುಳು ಇರುವುದು ಅಲ್ಲಿಯೇ. ವೈದ್ಯರ ಚೀಟಿಗೂ ರೋಗಿಯ ದೇಹಕ್ಕೂ ನಡುವೆ ಇರುವ ಕಟ್ಟಕಡೆಯ ಕೈ ದಾದಿಯದು. ಮನೆಯಲ್ಲಾದರೆ ತಾಯಿಯದು, ಸೊಸೆಯದು. ಆ ಕೈ ದಾಟಿದ ಮೇಲೆ ತಪ್ಪನ್ನು ತಡೆಯುವವರು ಯಾರೂ ಇರುವುದಿಲ್ಲ.

ದೇಹದೊಳಗೆ ಮದ್ದಿನ ಪಯಣ

ನುಂಗಿದ ಮಾತ್ರೆ ಎಲ್ಲಿ ನೋವಿದೆಯೋ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಅದರ ಪಯಣಕ್ಕೆ ನಾಲ್ಕು ಹಂತಗಳು. ಮೊದಲು ಹೊಟ್ಟೆ, ಕರುಳುಗಳಿಂದ ರಕ್ತಕ್ಕೆ ಹೀರಲ್ಪಡುವುದು. ಅನಂತರ ರಕ್ತದ ಮೂಲಕ ದೇಹದಲ್ಲೆಲ್ಲ ಹರಡುವುದು. ಬಳಿಕ ಬಹುಮಟ್ಟಿಗೆ ಯಕೃತ್ತಿನಲ್ಲಿ ರೂಪಾಂತರವಾಗುವುದು. ಕಡೆಗೆ ಹೆಚ್ಚಾಗಿ ಮೂತ್ರಪಿಂಡಗಳ ಮೂಲಕ ಹೊರಹೋಗುವುದು. ಈ ನಾಲ್ಕನ್ನು ಅರಿತರೆ ವೈದ್ಯರ ಸೂಚನೆಗಳ ಹಿಂದಿನ ಕಾರಣಗಳು ತಾವಾಗಿಯೇ ತಿಳಿಯುತ್ತವೆ.

ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀಯೊಂದಿಗೆ ನುಂಗಬಾರದೆನ್ನುವುದು ಮೊದಲ ಹಂತಕ್ಕೆ ಸೇರಿದ ಮಾತು. ಆ ಪಾನೀಯಗಳು ಕಬ್ಬಿಣ ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ನಿಂಬೆಯ ಪಾನಕ ಅದಕ್ಕೆ ನೆರವಾಗುತ್ತದೆ. ಎದೆನೋವು ಬಂದವರಿಗೆ ನಾಲಗೆಯ ಕೆಳಗಿಡಲು ಕೊಡುವ ಮಾತ್ರೆಯನ್ನು ನುಂಗಬಾರದು. ನಾಲಗೆಯಡಿಯ ತೆಳು ಪೊರೆಯಿಂದ ಅದು ಯಕೃತ್ತನ್ನು ದಾಟದೆ ನೇರ ರಕ್ತಕ್ಕಿಳಿದು ಕೆಲವೇ ನಿಮಿಷಗಳಲ್ಲಿ ಕೆಲಸ ಮಾಡುತ್ತದೆ. ನುಂಗಿದರೆ ಬಹುಭಾಗ ಯಕೃತ್ತಿನಲ್ಲೇ ಸವೆದುಹೋಗುತ್ತದೆ. ಹೆಸರಿನ ಜೊತೆಯಲ್ಲಿ ಎಸ್.ಆರ್., ಇ.ಆರ್. ಎಂಬ ಅಕ್ಷರಗಳಿರುವ ಮಾತ್ರೆಗಳು ದಿನವಿಡೀ ನಿಧಾನವಾಗಿ ಕರಗಲೆಂದು ಮಾಡಿದವು. ಅಜ್ಜಿಗೆ ನುಂಗಲು ಕಷ್ಟವೆಂದು ಅವನ್ನು ಅರೆದು ಕೊಟ್ಟರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕೆ ನುಗ್ಗುತ್ತದೆ. ಅರೆಯುವ ಮೊದಲು ಕೇಳಲೇಬೇಕು.

ಇನ್ನು ಕಾಲದ ಮಾತು. ರಕ್ತದಲ್ಲಿರುವ ಔಷಧಿಯ ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಅವಧಿಯನ್ನು ಅರ್ಧಾಯುಷ್ಯವೆನ್ನುತ್ತಾರೆ. ಜ್ವರದ ಪ್ಯಾರಾಸಿಟಮಾಲ್‌ಗೆ ಇದು ಸುಮಾರು 2ರಿಂದ 3 ಗಂಟೆ. ಆದ್ದರಿಂದ 4ರಿಂದ 6 ಗಂಟೆಗಳ ಅಂತರದಲ್ಲಿ ಮತ್ತೆ ಕೊಡಬೇಕಾಗುತ್ತದೆ. ರಕ್ತದೊತ್ತಡದ ಆಮ್ಲೋಡಿಪಿನ್‌ಗೆ 30 ಗಂಟೆಗೂ ಹೆಚ್ಚು. ಆದ್ದರಿಂದ ದಿನಕ್ಕೊಮ್ಮೆ ಸಾಕು. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ, ಹಲವು ಔಷಧಿಗಳು ಹೊರಹೋಗುವುದು ತಡ. ಹಿಂದಿನದು ಉಳಿದಿರುವಾಗಲೇ ಮುಂದಿನದು ಸೇರಿ ವಿಷಮಟ್ಟಕ್ಕೇರಬಹುದು. ಹೃದಯದ ಡಿಗಾಕ್ಸಿನ್, ಮೂರ್ಛೆರೋಗದ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಇಂಥವುಗಳಲ್ಲಿ ಗುಣಕ್ಕೂ ವಿಷಕ್ಕೂ ಇರುವ ಅಂತರ ಬಹಳ ಕಿರಿದು. ಡಿಗಾಕ್ಸಿನ್ ಕೊಡುವ ಮುನ್ನ ದಾದಿ ಒಂದು ನಿಮಿಷ ಪೂರ್ತಿ ನಾಡಿ ಎಣಿಸುವುದು ಇದೇ ಕಾರಣಕ್ಕೆ. ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಔಷಧಿಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸುತ್ತಾಳೆ.

ಐದು ಸರಿಗಳು

ಶುಶ್ರೂಷಾ ವಿದ್ಯಾರ್ಥಿಗಳಿಗೆ ಜಗತ್ತಿನ ಎಲ್ಲೆಡೆ ಮೊದಲು ಕಲಿಸುವ ಪಾಠ ಐದು ಸರಿಗಳದು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಕೊಟ್ಟ ಕೂಡಲೇ ಬರೆದಿಡುವುದು ಆರನೆಯದು. ಹೇಳಲು ಸುಲಭ, ಪಾಲಿಸಲು ಶಿಸ್ತು ಬೇಕು.

ತುಮಕೂರು ಸೀಮೆಯ ಯಾವ ವಾರ್ಡಿನಲ್ಲಿ ನಿಂತು “ಸಿದ್ದಗಂಗಮ್ಮ” ಎಂದು ಕೂಗಿದರೂ ಇಬ್ಬರು ತಲೆಯೆತ್ತುವುದುಂಟು. “ನೀವು ಸಿದ್ದಗಂಗಮ್ಮನವರೇ?” ಎಂದು ಕೇಳಬಾರದು, ಕಿವಿ ಮಂದವಾದವರು, ಗಾಬರಿಯಲ್ಲಿರುವವರು ಯಾವುದಕ್ಕೂ ಹೂಂಗುಟ್ಟುತ್ತಾರೆ. “ನಿಮ್ಮ ಹೆಸರೇನಮ್ಮ, ಯಾವ ಊರು?” ಎಂದು ಅವರ ಬಾಯಿಂದಲೇ ಹೇಳಿಸಿ, ಕೈಯ ಪಟ್ಟಿಯಲ್ಲಿರುವ ಆಸ್ಪತ್ರೆಯ ಸಂಖ್ಯೆಯೊಡನೆ ತಾಳೆ ನೋಡಬೇಕು.

ಔಷಧಿಯ ಹೆಸರನ್ನು ಮೂರು ಸಲ ಓದಬೇಕು: ಕಪಾಟಿನಿಂದ ತೆಗೆಯುವಾಗ, ಅಳೆಯುವಾಗ, ತಿರುಗಿ ಇಡುವಾಗ. ಡೋಪಮಿನ್ ಮತ್ತು ಡೊಬುಟಮಿನ್, ಹೈಡ್ರಾಲಜಿನ್ ಮತ್ತು ಹೈಡ್ರಾಕ್ಸಿಜಿನ್ ಹೀಗೆ ಕಿವಿಗೂ ಕಣ್ಣಿಗೂ ಒಂದೇ ಎನಿಸುವ ಹೆಸರುಗಳಿವೆ. ಪೊಟ್ಯಾಸಿಯಂ ಕ್ಲೋರೈಡ್ ನೋಡಲು ತಿಳಿನೀರಿನಂತೆಯೇ ಇರುತ್ತದೆ. ಅದನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗಬಹುದು. ಆದ್ದರಿಂದ ಅದನ್ನು ಬಟ್ಟಿನೀರಿನ ಸೀಸೆಗಳ ಜೊತೆಯಲ್ಲಿ ಇಡಲೇಬಾರದು.

ಪ್ರಮಾಣದ ಲೆಕ್ಕ ಹೆಚ್ಚಿನ ತಾಯಂದಿರಿಗೂ ಬೇಕಾದದ್ದು. ಮಗುವಿನ ತೂಕ 10 ಕಿಲೋ, ಜ್ವರಕ್ಕೆ ವೈದ್ಯರು ಹೇಳಿದ ಪ್ಯಾರಾಸಿಟಮಾಲ್ ಕಿಲೋ ಒಂದಕ್ಕೆ 15 ಮಿ.ಗ್ರಾಂ ಎಂದಿಟ್ಟುಕೊಳ್ಳೋಣ. ಒಟ್ಟು 150 ಮಿ.ಗ್ರಾಂ. ಅಂಗಡಿಯಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಸಿರಪ್ ಸಿಕ್ಕಿದರೆ 6 ಮಿ.ಲೀ. ಕೊಡಬೇಕು. 5 ಮಿ.ಲೀ.ಗೆ 250 ಮಿ.ಗ್ರಾಂ ಇರುವುದಾದರೆ 3 ಮಿ.ಲೀ. ಒಂದೇ ಮಿ.ಲೀ.ಗೆ 100 ಮಿ.ಗ್ರಾಂ ಇರುವ ಹನಿಮದ್ದಾದರೆ ಒಂದೂವರೆ ಮಿ.ಲೀ. ಮಾತ್ರ. ಮಗುವೊಂದೇ, ಜ್ವರವೊಂದೇ, ಔಷಧಿಯೂ ಒಂದೇ. ಆದರೆ ಸಿರಪ್‌ನ ಅಳತೆಯಲ್ಲಿ ಹನಿಮದ್ದನ್ನು ಕುಡಿಸಿದರೆ ನಾಲ್ಕು ಪಟ್ಟು ಒಳಹೋಗುತ್ತದೆ. ಅದು ಮರುಕಳಿಸಿದರೆ ಯಕೃತ್ತಿಗೆ ಆಪತ್ತು. ಬೇಕಾದ ಪ್ರಮಾಣವನ್ನು ಸೀಸೆಯಲ್ಲಿರುವ ಪ್ರಮಾಣದಿಂದ ಭಾಗಿಸಿ, ಅಷ್ಟು ಪ್ರಮಾಣವಿರುವ ಮಿ.ಲೀ.ನಿಂದ ಗುಣಿಸುವುದು, ಇಷ್ಟೇ ಸೂತ್ರ. ಅಡಿಗೆಮನೆಯ ಚಮಚೆಗಳು ಒಂದೊಂದು ಒಂದೊಂದು ಅಳತೆಯವು. ಸೀಸೆಯೊಂದಿಗೆ ಬಂದ ಅಳತೆಯ ಮುಚ್ಚಳವನ್ನೇ ಬಳಸಬೇಕು.

ಮಾರ್ಗ ಮತ್ತು ಸಮಯಗಳಿಗೂ ಲೆಕ್ಕವಿದೆ. ಒಂದು ಲೀಟರ್ ದ್ರಾವಣವನ್ನು 8 ಗಂಟೆಗಳಲ್ಲಿ ರಕ್ತನಾಳದ ಮೂಲಕ ಕೊಡಬೇಕೆಂದಿದ್ದರೆ, ಮಿ.ಲೀ.ಗೆ 20 ಹನಿ ಬೀಳುವ ಕೊಳವೆಯಲ್ಲಿ ನಿಮಿಷಕ್ಕೆ ಸುಮಾರು 42 ಹನಿ. “ಬೇಗ ಮುಗಿದರೆ ಮನೆಗೆ ಹೋಗಬಹುದು” ಎಂದು ಬಂಧುಗಳು ತಾವೇ ಗಾಲಿ ತಿರುಗಿಸಿ ಹನಿಯ ವೇಗ ಹೆಚ್ಚಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದುರ್ಬಲ ಹೃದಯದವರಿಗೆ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರುಕಟ್ಟುತ್ತದೆ. ದಯವಿಟ್ಟು ಆ ಗಾಲಿಗೆ ಕೈಹಚ್ಚಬೇಡಿ.

ದ್ರಾವಣದ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುವುದು, ಅವಧಿಯನ್ನೂ ತಯಾರಿಕೆಯ ಸಂಖ್ಯೆಯನ್ನೂ ಓದಿ ಬರೆದಿಡುವುದು ವ್ಯರ್ಥ ಕೆಲಸವೆಂದು ಕೆಲವರು ತಿಳಿಯುತ್ತಾರೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂದು ಸರ್ಕಾರ ಆ ಪೂರೈಕೆಯ ಬಳಕೆಯನ್ನು ತಡೆಹಿಡಿಯಬೇಕಾಯಿತು. ದ್ರಾವಣದಲ್ಲಿರುವ ಎಲ್ಲ ದೋಷವೂ ಬರಿಗಣ್ಣಿಗೆ ಕಾಣುವುದಿಲ್ಲ ನಿಜ. ಆದರೆ ಯಾವ ತಾಯಿಗೆ ಯಾವ ಸಂಖ್ಯೆಯ ಸೀಸೆ ಹೋಯಿತೆಂಬ ದಾದಿಯ ಒಂದು ಸಾಲಿನ ಬರಹವೇ ಇಂಥ ವೇಳೆಯಲ್ಲಿ ಸತ್ಯವನ್ನು ಹುಡುಕಲು ದಾರಿ ತೋರುತ್ತದೆ.

ಕೊಡುವುದೆಂದರೆ ಕೈಗಿಡುವುದಲ್ಲ

ಕ್ಷಯರೋಗದ ಚಿಕಿತ್ಸೆ ನಮಗೆ ಮತ್ತೊಂದು ಪಾಠ ಕಲಿಸಿದೆ. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಮದರಾಸಿನ ಸಂಶೋಧನಾ ಕೇಂದ್ರವೂ ಈ ರೋಗವನ್ನು ಹಳ್ಳಿಯ ಮಟ್ಟದಲ್ಲಿ, ಮನೆಯಲ್ಲಿಯೇ ಗುಣಪಡಿಸುವ ದಾರಿಗೆ ಬುನಾದಿ ಹಾಕಿದವು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಎರಡೇ ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಳ್ಳುವುದರಿಂದ ರೋಗಿ ಮಾತ್ರೆ ಬಿಡುತ್ತಾನೆ. ಆಗ ಉಳಿದ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ. ಇದನ್ನು ತಡೆಯಲೆಂದೇ 1997ರಿಂದ ನಮ್ಮ ದೇಶದ ಕಾರ್ಯಕ್ರಮದಲ್ಲಿ ಆರೋಗ್ಯ ಕಾರ್ಯಕರ್ತರ ಕಣ್ಣೆದುರಿನಲ್ಲೇ ಮಾತ್ರೆ ನುಂಗಿಸುವ ಕ್ರಮ ಬಂದಿತು. ಪಾವಗಡದಲ್ಲಿ ಕುಷ್ಠ ಮತ್ತು ಕ್ಷಯರೋಗಿಗಳ ಸೇವೆಗೆ ಹೆಸರಾದ ಶ್ರೀ ರಾಮಕೃಷ್ಣ ಸೇವಾಶ್ರಮದ ಕೆಲಸವನ್ನು ಬಲ್ಲವರಿಗೆ ಈ ತಾಳ್ಮೆಯ ಬೆಲೆ ಗೊತ್ತು.

ರಿಫಾಂಪಿಸಿನ್ ನುಂಗಿದವರ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದರಿಂದ ಅಪಾಯವಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ರಕ್ತವೇ ಹೋಗುತ್ತಿದೆಯೆಂದು ಹೆದರಿ ಔಷಧಿಯನ್ನು ಚರಂಡಿಗೆಸೆಯುತ್ತಾನೆ. ಎರಡು ನಿಮಿಷದ ಮಾತು ಆರು ತಿಂಗಳ ಚಿಕಿತ್ಸೆಯನ್ನು ಉಳಿಸುತ್ತದೆ. ಆ ಎರಡು ನಿಮಿಷವೂ ಔಷಧಿಯ ಭಾಗವೇ.

ಕೇಳುವ ಧೈರ್ಯ

ಈಗ ಮನಸ್ಸಿನಲ್ಲಿ ಬಹುದಿನಗಳಿಂದ ಉಳಿದಿರುವ ಮಾತೊಂದನ್ನು ಹೇಳಿಬಿಡುತ್ತೇನೆ. ನಾನು ವಿದ್ಯಾರ್ಥಿನಿಯಾಗಿದ್ದಾಗ, ಆಸ್ಪತ್ರೆಯೊಂದರ ರಾತ್ರಿ ಪಾಳಿಯಲ್ಲಿ, ವೈದ್ಯರ ಹಾಳೆಯಲ್ಲಿ ಇನ್ಸುಲಿನ್‌ನ ಅಂಕಿಯನ್ನು ಓದಿದೆ. 10ರ ಮುಂದೆ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಒಂದೇ ಅಕ್ಷರವನ್ನು ದುಂಡಗೆ ಬರೆದಿದ್ದರು. ನನ್ನ ಕಣ್ಣಿಗೆ ಅದು 100 ಎಂದು ಕಂಡಿತು. ಇಷ್ಟು ಹೆಚ್ಚೇ ಎಂಬ ಅನುಮಾನ ಬಂದದ್ದು ನಿಜ. ಆದರೆ ನಡುರಾತ್ರಿಯಲ್ಲಿ ಹಿರಿಯ ವೈದ್ಯರನ್ನು ಎಬ್ಬಿಸಿ ಕೇಳಲು ನನಗೆ ಬಾಯಿ ಬರಲಿಲ್ಲ. ಸಿರಿಂಜು ಹಿಡಿದು ಮಂಚದ ಬಳಿ ಹೋಗಿದ್ದೆ. ಹಿರಿಯ ದಾದಿಯೊಬ್ಬರು ದೂರದಿಂದಲೇ ಸಿರಿಂಜನ್ನು ನೋಡಿ ನನ್ನ ಮಣಿಕಟ್ಟು ಹಿಡಿದರು. ಬೈಯಲಿಲ್ಲ. “ಅನುಮಾನ ಬಂದಿತ್ತಾ?” ಎಂದು ಕೇಳಿದರು. ಹೌದೆಂದೆ. “ಹಾಗಾದರೆ ನಿನಗೆ ಪಾಠ ಬಂದಿದೆ, ಬಾಯಿ ಬಂದಿಲ್ಲ” ಎಂದರು.

ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆಲ್ಲ ಮೊದಲ ದಿನವೇ ಹೇಳುತ್ತಾ ಬಂದಿದ್ದೇನೆ. ಯೂನಿಟ್ ಎಂಬುದನ್ನು ಪೂರ್ತಿಯಾಗಿ ಬರೆಯಿರಿ. ಅರ್ಧವನ್ನು 0.5 ಎಂದು ಮುಂದೆ ಸೊನ್ನೆಯಿಟ್ಟು ಬರೆಯಿರಿ. ಐದನ್ನು 5 ಎಂದಷ್ಟೇ ಬರೆಯಿರಿ, ಹಿಂದೆ ಬಿಂದು ಸೊನ್ನೆ ಬೇಡ. ದೂರವಾಣಿಯಲ್ಲಿ ವೈದ್ಯರು ಹೇಳಿದ್ದನ್ನು ಬರೆದುಕೊಂಡು ಅವರಿಗೇ ಓದಿ ಹೇಳಿ. ಪೆನಿಸಿಲಿನ್‌ನಂಥ ಚುಚ್ಚುಮದ್ದಿಗೆ ಮುನ್ನ, ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಮೈ ದದ್ದೆದ್ದಿತ್ತೇ, ಉಸಿರು ಕಟ್ಟಿತ್ತೇ ಎಂದು ಕೇಳಿ, ಅಡ್ರಿನಲಿನ್ ಕೈಗೆಟುಕುವಂತಿರಲಿ. ಇನ್ಸುಲಿನ್‌ನಂಥ ಅಪಾಯದ ಔಷಧಿಯನ್ನು ಇನ್ನೊಬ್ಬರಿಗೆ ತೋರಿಸಿಯೇ ಕೊಡಿ. ಅನುಮಾನ ಬಂದರೆ ನಿಲ್ಲಿಸಿ, ಕೇಳಿ. ಕೇಳುವುದು ಉದ್ಧಟತನವಲ್ಲ, ಅಜ್ಞಾನದ ಗುರುತೂ ಅಲ್ಲ.

ತಪ್ಪಾದ ಮೇಲೆ ಮುಚ್ಚಿಡುವುದು ತಪ್ಪಿಗಿಂತ ದೊಡ್ಡ ತಪ್ಪು. ಕೂಡಲೇ ತಿಳಿಸಿದರೆ ರೋಗಿಯನ್ನು ಉಳಿಸಲು ಸಮಯವಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾನಿಯಿಲ್ಲದ ಔಷಧೋಪಚಾರಕ್ಕಾಗಿ ಕರೆಕೊಟ್ಟಾಗ ಒತ್ತಿ ಹೇಳಿದ್ದೂ ಇದನ್ನೇ: ಒಬ್ಬರನ್ನು ದೂರಿ ಮುಗಿಸುವ ಬದಲು ತಪ್ಪಿಗೆ ಎಡೆಕೊಡುವ ವ್ಯವಸ್ಥೆಯನ್ನು ತಿದ್ದಬೇಕು. ಔಷಧಿಯಿಂದ ಅನಿರೀಕ್ಷಿತ ತೊಂದರೆಯಾದರೆ ನಮ್ಮ ದೇಶದಲ್ಲಿ 2010ರಿಂದ ನಡೆದುಬಂದಿರುವ ಔಷಧ ಜಾಗೃತಿ ಕಾರ್ಯಕ್ರಮಕ್ಕೆ ದಾದಿಯರಷ್ಟೇ ಅಲ್ಲ, ರೋಗಿಗಳ ಮನೆಯವರೂ ತಿಳಿಸಬಹುದು. ಅದರ ಉಚಿತ ದೂರವಾಣಿ ಸಂಖ್ಯೆ 1800-180-3024.

ಮನೆಯಲ್ಲಿ ಮಾಡಬೇಕಾದದ್ದು

ಮನೆಯಲ್ಲಿ ಹಿರಿಯರು ನುಂಗುವ ಎಲ್ಲ ಔಷಧಿಗಳ ಹೆಸರು, ಪ್ರಮಾಣ, ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು, ಯಾವ ವೈದ್ಯರಲ್ಲಿಗೆ ಹೋದರೂ ಅದನ್ನು ತೋರಿಸಿ. ನಾಟಿ ಔಷಧಿಯಿದ್ದರೆ ಅದನ್ನೂ ಬರೆಯಿರಿ. ಇನ್ಸುಲಿನ್ ಕೊಳ್ಳುವಾಗ ಸೀಸೆಯ ಮೇಲಿನ 40 ಅಥವಾ 100 ಎಂಬ ಅಂಕಿಯನ್ನು ಸಿರಿಂಜಿನ ಮೇಲಿನ ಅಂಕಿಯೊಡನೆ ಹೋಲಿಸಿ. ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ, ಶೀತಕ ಪೆಟ್ಟಿಗೆಯಿಲ್ಲದ ಮನೆಗಳಲ್ಲಿ, ಬಳಕೆಯಲ್ಲಿರುವ ಸೀಸೆಯನ್ನು ನೀರು ತಾಗದಂತೆ ಕಟ್ಟಿ, ಒದ್ದೆ ಮರಳಿನ ನಡುವೆ ಕೂರಿಸಿದ ಮಣ್ಣಿನ ಕುಡಿಕೆಯಲ್ಲಿ ನೆರಳಿನಲ್ಲಿಡಬಹುದು. ತೆರೆದ ದಿನವನ್ನು ಅದರ ಮೇಲೆ ಬರೆದು ನಾಲ್ಕು ವಾರಗಳಾದ ಮೇಲೆ ಬದಲಿಸಿ. ಬರ್ಫದಲ್ಲಿ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಪೊಟ್ಟಣದ ಮೇಲೆ ಕೆಂಪು ಗೆರೆಯಿರುವ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಪಕ್ಕದ ಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆ ನುಂಗಬೇಡಿ. ಸಕ್ಕರೆ ಇಳಿದು ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಬರಗೂರಿನ ಕಡೆಯ ಆ ಮನೆಗೆ ನಾನು ಈಚೆಗೆ ಹೋಗಿದ್ದೆ. ವೈದ್ಯರು ಕೆಂಪು ಸಿರಿಂಜಿಗೆ ತಕ್ಕಂತೆ ಪ್ರಮಾಣವನ್ನು ಹೊಸದಾಗಿ ಗೊತ್ತುಮಾಡಿದ್ದಾರೆ. ಹಿರಿಯರು ಹೊಲದ ಬದುವಿನವರೆಗೂ ನಡೆದು ಬರುವಷ್ಟು ಚೇತರಿಸಿಕೊಂಡಿದ್ದಾರೆ. ಇನ್ಸುಲಿನ್ ಇಡುವ ಡಬ್ಬಿಯ ಮೇಲೆ ಮೊಮ್ಮಗಳು ಸೀಸೆಯ ಅಂಕಿಯನ್ನೂ ಮುಚ್ಚಳದ ಬಣ್ಣವನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿ ಹೋಗಿದ್ದಾಳೆ. ಸೊಸೆ ಪ್ರತಿ ಬೆಳಗ್ಗೆ ಅದನ್ನು ಓದಿ, ಸಿರಿಂಜನ್ನು ಮಾವನವರಿಗೂ ತೋರಿಸಿ, ಆಮೇಲೆ ಚುಚ್ಚುತ್ತಾಳೆ. “ಈಗ ನಾನೂ ಗೆರೆ ನೋಡ್ತೀನಿ” ಎಂದು ಹಿರಿಯರು ನಕ್ಕರು.

ಮಗಳನ್ನು ಶುಶ್ರೂಷೆಗೆ ಕಳುಹಿಸಿದ ತಂದೆತಾಯಿಗಳಲ್ಲಿ ಕೆಲವರು ಈಗಲೂ ಅದನ್ನು ವೈದ್ಯರ ಮಾತಿನಂತೆ ನಡೆಯುವ ಕೈಕೆಲಸವೆಂದೇ ತಿಳಿದು, ಹೇಳಿಕೊಳ್ಳಲು ಹಿಂಜರಿಯುತ್ತಾರೆ. ಅವರು ಹಿಂಜರಿಯಬೇಕಾದ ಕಾರಣವಿಲ್ಲ. ಅರಿತು ಕೊಡುವ ಕೈ, ಅನುಮಾನ ಬಂದಾಗ ನಿಲ್ಲುವ ಕೈ, ಸತ್ಯವನ್ನೇ ಬರೆದಿಡುವ ಕೈ ಎಲ್ಲರಿಗೂ ಒಲಿಯುವುದಿಲ್ಲ. ಆ ಕಾಯಕವನ್ನು ಕಲಿಯಲು ಹೊರಟ ಮಕ್ಕಳು ರಜೆಗೆ ಮನೆಗೆ ಬಂದಾಗ, ಮನೆಯ ಔಷಧಿಗಳ ಡಬ್ಬಿಯನ್ನು ಅವರ ಮುಂದಿಟ್ಟು ಒಮ್ಮೆ ನೋಡಲು ಹೇಳಿ. ಅವರು ಪ್ರಶ್ನೆ ಕೇಳಿದರೆ ಬೇಸರಿಸದೆ ಉತ್ತರ ಕೊಡಿ. ಆಸ್ಪತ್ರೆಯಲ್ಲಿ ಕೇಳುವ ಧೈರ್ಯ ಅವರಿಗೆ ಮೊದಲು ಮನೆಯಲ್ಲೇ ಬರಬೇಕು.